ಡಾಂಬರು ಡ್ರಮ್ಮಿನ ಮೀಮಾಂಸೆ

ಹೆದ್ದಾರಿ ಕಾಮಗಾರಿಯ ಸುರಕ್ಷಾ ಶಾಸ್ತ್ರಕ್ಕೆ ಶ್ರುತಿ ಒಂದು, ಸ್ಮೃತಿ ಒಂದು. ರಸ್ತೆ ಮತ್ತು ಸೇತುವೆ ಕಾಮಗಾರಿಗಳಿಗೆ ಕೇಂದ್ರ ಸಾರಿಗೆ ಸಚಿವಾಲಯ ವಿಧಿಸಿರುವ ನಿರ್ದಿಷ್ಟತೆಗಳು, ಅದರಲ್ಲೂ 112ನೇ ಕಲಮು, ಶ್ರುತಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2014ರಲ್ಲಿ ಪರಿಷ್ಕರಿಸಿದ ಎಸ್‌ಪಿ 55 ಎಂಬ ಮಾರ್ಗಸೂಚಿ ಸ್ಮೃತಿ. ಇವನ್ನು ಓದಿದವರು ಕಚೇರಿಯಲ್ಲಿರುತ್ತಾರೆ. ಓದದವರು ಬಿಸಿಲಲ್ಲಿ ಕೆಂಪು ಬಾವುಟ ಹಿಡಿದು ನಿಂತಿರುತ್ತಾರೆ. ಈ ಎರಡು ಲೋಕಗಳ ನಡುವೆ ಹಣ ಹೇಗೆ ಹರಿಯುವುದಿಲ್ಲ ಎಂಬುದೇ ಪ್ರಸ್ತುತ ಪ್ರಬಂಧದ ವಿಷಯ.

ಸ್ಮೃತಿಕಾರರು ಕಾಮಗಾರಿಯ ಜಾಗವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದ್ದಾರೆ: ಮುನ್ನೆಚ್ಚರಿಕೆ ಕೊಡುವುದು, ವಾಹನ ಪಕ್ಕಕ್ಕೆ ಸರಿಯುವುದು, ಕೆಲಸ ನಡೆಯುವುದು, ಮತ್ತೆ ಹಳೆಯ ದಾರಿಗೆ ಸೇರುವುದು. ಕ್ಷೇತ್ರಕಾರ್ಯ ಮಾಡಿದವರಿಗೆ ಈ ನಾಲ್ಕೂ ಒಂದೇ ಜಲ್ಲಿ ರಾಶಿಯ ಬುಡದಲ್ಲಿ ಸಿಕ್ಕಿವೆ. ಇದನ್ನು ಅದ್ವೈತವೆನ್ನಲು ಅಡ್ಡಿಯಿಲ್ಲ.

ಫಲಕಗಳ ವಿಷಯದಲ್ಲಿ ಶ್ರುತಿ ಸ್ಪಷ್ಟವಾಗಿದೆ. ಎರಡೂ ದಿಕ್ಕಿನಿಂದ ಬರುವವರಿಗೆ ಕನಿಷ್ಠ ಎರಡೆರಡು ಫಲಕ. ಒಂದು ದಾರಿ ಸರಿಯುವ ಜಾಗದಲ್ಲಿ, ಇನ್ನೊಂದು ಅದಕ್ಕೂ 120 ಮೀಟರ್ ಮೊದಲು. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಂದರೆ ಹೆಚ್ಚುಕಡಿಮೆ ಐದೂವರೆ ಸೆಕೆಂಡಿನಲ್ಲಿ ಚಾಲಕ ಫಲಕ ನೋಡಬೇಕು, ಓದಬೇಕು, ನಂಬಬೇಕು, ಬ್ರೇಕ್ ಒತ್ತಬೇಕು. ತಡವಾಗುವುದು ನಂಬುವುದರಲ್ಲೇ. ಕಳೆದ ವರ್ಷವೇ ಮುಗಿದ ಕೆಲಸದ ‘ಕಾಮಗಾರಿ ಪ್ರಗತಿಯಲ್ಲಿದೆ’ ಫಲಕವನ್ನು ಆತ ಈಗಷ್ಟೇ ದಾಟಿ ಬಂದಿರುತ್ತಾನೆ.

ಇನ್ನು ಡ್ರಮ್ಮು. ಇದನ್ನು ಗುತ್ತಿಗೆದಾರನ ಜುಗ್ಗತನದ ಕುರುಹೆಂದು ತಿಳಿದವರು ಮೂಲಗ್ರಂಥ ಓದಿದವರಲ್ಲ. ಬಣ್ಣ ಬಳಿದ ಡ್ರಮ್ಮಿಗೂ ರಾತ್ರಿಯ ಲಾಟೀನಿಗೂ 112ನೇ ಕಲಮಿನಲ್ಲೇ ಪ್ರಮಾಣವಿದೆ. ಲಾಟೀನು ಕಾಲಗರ್ಭಕ್ಕೆ ಸೇರಿತು, ಡ್ರಮ್ಮು ಉಳಿಯಿತು. ಖಾಲಿಯಾದ ಡಾಂಬರು ಡ್ರಮ್ಮಿಗೆ ಒಂದು ಪಟ್ಟೆ ಕೆಂಪು, ಒಂದು ಪಟ್ಟೆ ಬಿಳಿ. ಗಾಳಿಗೆ ಉರುಳದಿರಲೆಂದು ಹೊಟ್ಟೆ ತುಂಬ ಮಣ್ಣು. ತಲೆಯ ಮೇಲೊಂದು ಹೊಂಗೆ ಟೊಂಗೆ. ಮೊದಲ ಮಳೆಗೆ ಸುಣ್ಣ ತೊಳೆದುಹೋಗಿ, ಕೆಂಪು ಮಾಸಿ, ಡ್ರಮ್ಮು ತನ್ನ ಮೂಲ ಬಣ್ಣಕ್ಕೆ ಮರಳುತ್ತದೆ. ಕತ್ತಲಲ್ಲಿ, ಕಪ್ಪು ರಸ್ತೆಯ ಮೇಲೆ, ಕಪ್ಪು ಡ್ರಮ್ಮು ಯಾರನ್ನು ಎಚ್ಚರಿಸುತ್ತದೆ ಎಂಬ ಬಗ್ಗೆ ಭಾಷ್ಯಕಾರರು ಮೌನವಾಗಿದ್ದಾರೆ. ಗುದ್ದಿದರೆ ಮಣಿಯುವ ಪ್ಲಾಸ್ಟಿಕ್ ಡ್ರಮ್ಮುಗಳೂ ಉಂಟು. ಆದರೆ ಬೈಕು ಬಂದು ಗುದ್ದಿದರೂ ಮಣ್ಣು ತುಂಬಿದ ಡ್ರಮ್ಮಿಗೆ ಏನೂ ಆಗುವುದಿಲ್ಲ. ಬಾಳಿಕೆಯ ದೃಷ್ಟಿಯಿಂದ ಇದು ಗಮನಾರ್ಹ.

ಈಗ ಆಯವ್ಯಯ ಪ್ರಕರಣ. ಅಗೆತಕ್ಕೆ ಘನಮೀಟರ್ ಲೆಕ್ಕವಿದೆ, ಡಾಂಬರಿಗೆ ಟನ್ ಲೆಕ್ಕವಿದೆ. ಫಲಕ, ದೀಪ, ಬಾವುಟದಾಳು? ಶ್ರುತಿಯ ಪ್ರಕಾರ ಇವೆಲ್ಲ ಕಾಮಗಾರಿಯೊಳಗೇ ಅಡಕ. ಹೊಣೆ ಗುತ್ತಿಗೆದಾರನದು, ಬೇರೆ ಬಿಲ್ ಇಲ್ಲ. ಟೆಂಡರಿನಲ್ಲೇ ಪ್ರತ್ಯೇಕ ಬಾಬ್ತು ಬರೆದಿದ್ದರೆ ಮಾತು ಬೇರೆ. ತಾತ್ಕಾಲಿಕ ಬದಲಿ ರಸ್ತೆ ಮಾಡಿದರೆ ಮಾತ್ರ ಉದ್ದದ ಮೀಟರ್ ಲೆಕ್ಕದಲ್ಲಿ ಹಣ ಸಿಗುತ್ತದೆ. ದಾರಿ ತಪ್ಪಿಸಿದರೆ ದುಡ್ಡುಂಟು, ತಪ್ಪಿಸುತ್ತಿದ್ದೇವೆಂದು ಹೇಳಿದರೆ ಇಲ್ಲ. ಅಳತೆ ಪುಸ್ತಕಕ್ಕೆ ಏರದ್ದು ರಸ್ತೆಗೂ ಇಳಿಯದು ಎಂಬ ಮೂಲಸೂತ್ರ ಹುಟ್ಟಿದ್ದು ಇಲ್ಲೇ. ಎಸ್ಟಿಮೇಟಿಗಿಂತ ಕಡಿಮೆ ದರ ಕೂಗಿ ಟೆಂಡರ್ ಹಿಡಿದವನು ಎಲ್ಲಾದರೂ ಉಳಿಸಲೇಬೇಕಲ್ಲ. ಡಾಂಬರಿನ ದಪ್ಪ ಕಡಿಮೆಯಾದರೆ ಕೋರ್ ಕೊರೆದು ನೋಡುತ್ತಾರೆ. ಬ್ಲಿಂಕರ್ ಕಡಿಮೆಯಾದದ್ದು ಗೊತ್ತಾಗುವುದು ರಾತ್ರಿ ಹನ್ನೊಂದಕ್ಕೆ ಬರುವ ಲಾರಿ ಡ್ರೈವರಿಗೆ. ಆತನಿಗೆ ಷರಾ ಬರೆಯುವ ಅಧಿಕಾರವಿಲ್ಲ.

ಪೂರ್ವಪಕ್ಷದವರು ಅಮೆರಿಕದತ್ತ ಬೆರಳು ತೋರಿಸುತ್ತಾರೆ. ಅಲ್ಲಿನ ಫೆಡರಲ್ ಹೆದ್ದಾರಿ ಆಡಳಿತ 2007ರ ಡಿಸೆಂಬರಿನಲ್ಲಿ ಹೊರಡಿಸಿದ ನಿಯಮ ಇದಕ್ಕೆ ತದ್ವಿರುದ್ಧ: ಫೆಡರಲ್ ನೆರವಿನ ಕಾಮಗಾರಿಗಳಲ್ಲಿ ಸಂಚಾರ ನಿಯಂತ್ರಣದ ವೆಚ್ಚವನ್ನು ಬೇರೆ ಕೆಲಸದ ದರದೊಳಗೆ ಅಡಗಿಸಕೂಡದು, ಮುಖ್ಯ ಸುರಕ್ಷಾ ಸಾಧನಗಳಿಗೆ ಪ್ರತ್ಯೇಕ ಬಾಬ್ತು ಇರಲೇಬೇಕು. ಇಷ್ಟು ಫಲಕ, ಇಷ್ಟು ದೀಪ, ಇಷ್ಟು ಆಳು ಎಂದು ತಿಂಗಳ ಲೆಕ್ಕದಲ್ಲಿ ಬಿಲ್ ಕೊಟ್ಟರೆ ಫಲಕ ಬಿದ್ದ ತಿಂಗಳು ಹಣ ಕಡಿಯಬಹುದು. ಇಡುಗಂಟಾಗಿ ಕೊಟ್ಟರೆ ಫಲಕ ಭೂಮಿಪೂಜೆಯ ಫೋಟೊಗೆ ನಿಂತು ಗೋಡೌನಿಗೆ ಮರಳುತ್ತದೆ. ಈ ವಾದದಲ್ಲಿ ಹುಳುಕಿಲ್ಲ. ಸಿದ್ಧಾಂತಿಗಳು ಅದನ್ನು ಖಂಡಿಸುವ ಗೋಜಿಗೆ ಹೋಗದೆ ‘ಪರಿಶೀಲಿಸಲಾಗುವುದು’ ಎಂದು ಕಡತದಲ್ಲಿಡುವುದು ಅದಕ್ಕೇ.

ದಂಡ ಪ್ರಕರಣ ಚಿಕ್ಕದು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮಿನಂತೆ, ರಸ್ತೆಯ ಸುರಕ್ಷಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಪ್ರಾಧಿಕಾರ ಅಥವಾ ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಫಲಕಕ್ಕೆ ನಮೂದಾಗದ ಮೊತ್ತ ಇಲ್ಲಿ ಗರಿಷ್ಠ ಮಿತಿಯ ಸಮೇತ ನಮೂದಾಗಿದೆ. ಎಸ್ಟಿಮೇಟ್ ಹಾಕುವವರಿಗೆ ಇಷ್ಟು ಅನುಕೂಲ ಬೇರೆಲ್ಲೂ ಇಲ್ಲ.

ಪ್ರಬಂಧಕಾರರ ಶಿಫಾರಸು ಒಂದೇ. ಬದಲಿ ರಸ್ತೆಯಂತೆ ಬಾವುಟದಾಳನ್ನೂ ಉದ್ದದ ಮೀಟರ್ ಲೆಕ್ಕದಲ್ಲಿ ಅಳತೆ ಪುಸ್ತಕಕ್ಕೆ ಸೇರಿಸತಕ್ಕದ್ದು. ಐದೂವರೆ ಅಡಿಯ ಆಳು 1.68 ಮೀಟರ್, ಎರಡು ಬದಿಗೆ ಇಬ್ಬರೆಂದರೆ 3.36 ಮೀಟರ್. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಹೊಂಗೆಮರದಡಿ ಅಡ್ಡಾಗುವುದರಿಂದ ಟೇಪು ಹಿಡಿಯುವುದಕ್ಕೂ ತೊಂದರೆಯಿಲ್ಲ.