ವಿಕಿರಣಸಹಿಷ್ಣು ಏಕಕೋಶಜೀವಿಯ ಪುನರ್ಜೋಡಣಾತ್ಮಕ ಚಯಾಪಚಯಿಕತೆ: ಒಂದು ಬಹುಮುಖೀ ಅನುಸಂಧಾನ

0. ಪೀಠಿಕೆಗೆ ಪೀಠಿಕೆ

ಪ್ರಸ್ತುತ ಪ್ರಬಂಧವು ಡೈನೋಕಾಕಸ್ ರೇಡಿಯೋಡ್ಯುರಾನ್ಸ್ ಎಂಬ ಬ್ಯಾಕ್ಟೀರಿಯಾದ ಅಸ್ತಿತ್ವಾತ್ಮಕ ನೆಲೆಗಳನ್ನು ಅವಲೋಕಿಸುವ ದಿಸೆಯಲ್ಲಿ ಕೈಗೊಳ್ಳಲಾಗಬಹುದಾದ ಪ್ರಯತ್ನಗಳಿಗೆ ಪೂರ್ವಭಾವಿಯಾಗಿದೆ. 1956ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ, ವಿಕಿರಣ ಹಾಯಿಸಿದ್ದರೂ ಡಬ್ಬಿಯ ಮಾಂಸ ಕೆಟ್ಟಿತು; ಈ ಬ್ಯಾಕ್ಟೀರಿಯಾ ಸಿಕ್ಕಿದ್ದು ಅದರಲ್ಲೇ. ಸದರಿ ಕೆಡುವಿಕೆಯೇ ಈ ಜ್ಞಾನಶಾಖೆಯ ಉಗಮಬಿಂದು. 5 ಗ್ರೇ ವಿಕಿರಣ ಮನುಷ್ಯನನ್ನು ಕೊಲ್ಲಬಲ್ಲದು. ಈ ಜೀವಿ 5,000 ಗ್ರೇ ತಡೆದುಕೊಳ್ಳುತ್ತದೆ.

1. ಸಪ್ತವಿಧ ವರ್ಗೀಕರಣ

(ಅ) ಪೂರ್ವಛಿದ್ರಾತ್ಮಕ ಮೌನ: ಮಾಮೂಲಿ ದಿನಗಳಲ್ಲಿ ಡಿಡಿಆರ್‌ಒ ಎಂಬ ಪ್ರೋಟೀನು ದುರಸ್ತಿ ಜೀನ್‌ಗಳ ಮೇಲೆ ಕೂತು, ಅವು ಕೆಲಸ ಮಾಡದಂತೆ ತಡೆಯುತ್ತದೆ. ಇದನ್ನು ಕುಲಸಚಿವತ್ವ ಎನ್ನಬಹುದು.

(ಆ) ವಿಚ್ಛೇದೋತ್ತರ ಜಾಗೃತಿ: ವಿಕಿರಣ ತಾಗಿದಾಗ ಪಿಪಿಆರ್‌ಐ ಎಂಬ ಪ್ರೋಟೀನು ಡಿಡಿಆರ್‌ಒವನ್ನು ಕತ್ತರಿಸುತ್ತದೆ, ಜೀನ್‌ಗಳು ಕೆಲಸಕ್ಕಿಳಿಯುತ್ತವೆ. ಕುಲಸಚಿವತ್ವಕ್ಕೆ ಇಂಥ ಪರಿಹಾರ ಇನ್ನೂ ಲಭ್ಯವಾಗಿಲ್ಲ.

(ಇ) ಚಯಾಪಚಯಿಕ ಸಂಯಮ: ದುರಸ್ತಿಯ ಹೊತ್ತಿಗೆ ಕ್ರೆಬ್ಸ್ ಚಕ್ರ ತಗ್ಗುತ್ತದೆ, ಗ್ಲೈಆಕ್ಸಿಲೇಟ್ ಒಳದಾರಿ ತೆರೆಯುತ್ತದೆ. ಹೀಗಾಗಿ ಉಸಿರಾಟದಿಂದ ಹುಟ್ಟುವ ಆಕ್ಸಿಜನ್ ರಾಡಿಕಲ್‌ಗಳ ಹಾವಳಿ ಕಡಿಮೆ. ಒಳಗೆ ಕೂಡಿಟ್ಟ ಮ್ಯಾಂಗನೀಸ್, ದುರಸ್ತಿ ಮಾಡುವ ಪ್ರೋಟೀನುಗಳನ್ನೇ ಕಾಯುತ್ತದೆ.

(ಈ)ಯಿಂದ (ಋ)ವರೆಗಿನ ವಿಧಗಳು ಬಡ್ತಿಯ ಅಂಕಗಳಿಗಾಗಿ ಇವೆ. ಓದುಗರು ಇವೆಯೆಂದು ನಂಬತಕ್ಕದ್ದು.

2. ಚರ್ಚೆ

ಇಂಥದೇ ಪ್ರಬಂಧ ಮಂಡನೆಯಾದ ಒಂದು ವಿಚಾರ ಸಂಕಿರಣದಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ನೂರಾರು ಚೂರಾದ ಡಿಎನ್‌ಎ ಮತ್ತೆ ಅದೇ ಕ್ರಮದಲ್ಲಿ ಹೇಗೆ ಕೂಡುತ್ತೆ?” ಅಧ್ಯಕ್ಷರು “ಸಮಯಾಭಾವ” ಎಂದರು. ಸಮಯ ಇತ್ತು. ವೇದಿಕೆ ತುಂಬ ಕೂತವರಿಗೆಲ್ಲ ಶಾಲು ಹೊದಿಸುವಷ್ಟು ಇತ್ತು. ಇಲ್ಲದ್ದು ಉತ್ತರ. ಅದನ್ನು ಒಪ್ಪಿಕೊಳ್ಳುವ ಬದಲು, ಕೇಳಿದವಳನ್ನೇ ಎಲ್ಲರೆದುರು ತಪ್ಪಿತಸ್ಥಳ ಹಾಗೆ ಕೂರಿಸಿದರು.

ಉತ್ತರ ಇಷ್ಟೇ, ಕೇಳಮ್ಮ. ಪ್ರತಿ ಕೋಶದಲ್ಲೂ ಅದೇ ಡಿಎನ್‌ಎಯ 4ರಿಂದ 10 ಪ್ರತಿಗಳಿರುತ್ತವೆ. ಒಂದೊಂದು ಪ್ರತಿಯೂ ಬೇರೆಬೇರೆ ಕಡೆ ತುಂಡಾಗುತ್ತದೆ. ಹಾಗಾಗಿ ಒಂದು ಚೂರಿನ ತುದಿಯಲ್ಲಿ ನಿಂತುಹೋದ ಪಾಠ ಇನ್ನೊಂದರ ನಡುವೆ ಸಿಗುತ್ತದೆ. ಅದನ್ನು ನೋಡಿಕೊಂಡು ತುದಿ ಬೆಳೆಯುತ್ತದೆ. ಬೆಳೆದ ಎಳೆಗಳು ಹೊಂದುವಲ್ಲಿ ಜೋಡಿಕೊಳ್ಳುತ್ತವೆ. ಉಳಿದ ಕೆಲಸವನ್ನು ರೆಕ್‌ಎ ಪ್ರೋಟೀನು ಮುಗಿಸುತ್ತದೆ. ಕೆಲವೇ ಗಂಟೆಗಳ ಮಾತು. 2006ರಲ್ಲಿ ಮಿರೊಸ್ಲಾವ್ ರಾಡ್‌ಮನ್ ಅವರ ತಂಡ ಇದನ್ನು ತೋರಿಸಿಕೊಟ್ಟಿತು. ದುರಸ್ತಿ ಮುಗಿಯುವ ತನಕ ಆ ಜೀವಿ ಎರಡಾಗಲು ಹೋಗುವುದಿಲ್ಲ. ನಾವು ಮಾತ್ರ, ಒಂದು ಪ್ರಶ್ನೆಗೂ ಉತ್ತರ ಹೇಳದೆ, ಮುಂದಿನ ಸಂಕಿರಣದ ಆಮಂತ್ರಣ ಅಚ್ಚು ಹಾಕಿಸುತ್ತೇವೆ.

ಅಧ್ಯಕ್ಷರೇ, ಮುಂದಿನ ಸಲ ಶಾಲುಗಳನ್ನು ಕೈಬಿಡಿ. ಆ ಹೊತ್ತನ್ನು ಹಿಂದಿನ ಸಾಲಿಗೆ ಕೊಡಿ.