‘ಹೊಸದು ಹಾಕಿ ನೋಡವ’ ಎನ್ನುವ ಮೆಕ್ಯಾನಿಕ್ ಮಹಾಶಯರಿಗೆ

ಮಹಾರಾಜಶ್ರೀ ಮೆಕ್ಯಾನಿಕ್ ಮಹಾಶಯರ ಸನ್ನಿಧಿಗೆ,

ಕೆ.ಆರ್. ಪೇಟೆ ತಾಲ್ಲೂಕು ಶೀಳನೆರೆಯಿಂದ ಹಳೆಯ ಪೆಟ್ರೋಲ್ ಕಾರೊಂದರ ಮಾಲೀಕ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಕಾರೂ ಈಗ ಕ್ಷೇಮ. ಅದು ಹೇಗೆ ಕ್ಷೇಮವಾಯಿತು ಎಂಬುದನ್ನು ತಮ್ಮ ಅವಗಾಹನೆಗೆ ತರಬೇಕಿದೆ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಪ್ರತಿ ಪೇಟೆಯಲ್ಲೂ ತಮ್ಮಂಥವರು ಇರುವುದರಿಂದ ಹೆಸರು ಬರೆಯದೆ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ತಮ್ಮ ಕೈಚಳಕದ ಬಗ್ಗೆ ನನಗೆ ನಿಜವಾದ ಗೌರವವಿದೆ. ಟ್ಯಾಪೆಟ್ ಸದ್ದು ಕೇಳಿಯೇ ಎಷ್ಟು ಸಡಿಲವಾಗಿದೆ ಅಂತ ಹೇಳಬಲ್ಲ ಕಿವಿ ತಮ್ಮದು. ಅದೇ ಕಿವಿಗೆ ನನ್ನ ಮಾತು ಪೂರ್ತಿ ಬೀಳಲಿಲ್ಲವಲ್ಲ ಎಂಬುದೇ ಸಂಕಟ. ‘ಒಂದೊಂದು ಸಲ ಸೆಲ್ಫ್ ತಗೊಳ್ಳಲ್ಲ, ಟಕ್ ಅಂತ ಒಂದೇ ಸದ್ದು, ಆಗಲೂ ಹೆಡ್‌ಲೈಟ್ ಮಾತ್ರ ಮಂಕಾಗಲ್ಲ’ ಎಂದು ನಾನು ಹೇಳಿ ಮುಗಿಸುವುದರೊಳಗೆ, ‘ಬ್ಯಾಟ್ರಿ ಹೋಗದೆ ಕಣಣ್ಣ, ಹೊಸದು ಹಾಕ್ಬುಡವ’ ಎಂದು ಅಪ್ಪಣೆ ಕೊಡಿಸಿದಿರಿ. ಅಷ್ಟು ಬೇಗ ತೀರ್ಪು ಕೊಟ್ಟಿದ್ದಕ್ಕೆ ಕೃತಜ್ಞ. ಆದರೆ ಮೀಟರ್ ಇಟ್ಟಿದ್ದರೆ ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ. ಸುಮ್ಮನಿದ್ದಾಗ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯದಿದ್ದರೆ ಬ್ಯಾಟರಿ ಗಟ್ಟಿಯಾಗಿದೆ ಎಂದರ್ಥ. ಬ್ಯಾಟರಿ ಸೊರಗಿದ್ದರೆ ಸೆಲ್ಫ್ ಹೊಡೆದಾಗ ಹೆಡ್‌ಲೈಟೂ ಸೊರಗಬೇಕಿತ್ತು.

ಹೊಸ ಬ್ಯಾಟರಿ ಬಂತು. ಕೆಲವು ವಾರ ಕಾರು ಚಿನ್ನದಂತೆ ಓಡಿತು. ಮತ್ತೆ ಅದೇ ಟಕ್. ತಾವು ಸೆಲ್ಫ್ ಮೋಟಾರನ್ನೇ ಇಳಿಸಿ ಬೇರೆಯದನ್ನು ಕೂರಿಸಿದಿರಿ. ಮತ್ತೆ ಕೆಲವು ದಿನ ನೆಮ್ಮದಿ. ಆಮೇಲೆ ರಿಲೇ, ಅದಾದ ಮೇಲೆ ಇಗ್ನಿಷನ್ ಸ್ವಿಚ್. ಆ ಹಣದಲ್ಲಿ ಎರಡು ಎಕರೆ ಕಬ್ಬಿಗೆ ಗೊಬ್ಬರ ಬರುತ್ತಿತ್ತು.

ಒಂದು ರಾತ್ರಿಯ ಮಾತು ಹೇಳಲೇಬೇಕು. ಪಕ್ಕದ ಮನೆಯ ದೊಡ್ಡಮ್ಮನಿಗೆ ಎದೆನೋವು. ಹಿಂದಿನ ಸೀಟಿನಲ್ಲಿ ಅವರನ್ನು ಒರಗಿಸಿ ಕೀ ತಿರುಗಿಸಿದರೆ ಟಕ್. ಅವರ ಮಗ ಮುಂದಿನ ಸೀಟಿನಿಂದ ನನ್ನ ಕೈಯನ್ನೇ ನೋಡುತ್ತಿದ್ದ. ಹಿಂದೆ ಅಂಬಾಸಿಡರ್ ಇದ್ದವರ ಡಿಕ್ಕಿಯಲ್ಲಿ ಎಂಜಿನ್ ತಿರುಗಿಸುವ ಹ್ಯಾಂಡಲ್ ಇರುತ್ತಿತ್ತು. ಹ್ಯಾಂಡಲ್ ಹಿಂದಕ್ಕೆ ಹೊಡೆದು ಕೈ ಮುರಿಯುವ ಕಾಟ ತಪ್ಪಲೆಂದೇ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಈಗಿನ ಕಾರಿಗೆ ಹ್ಯಾಂಡಲ್ ತೂರಿಸಲು ಜಾಗವೇ ಇಲ್ಲ. ಬೀದಿಯವರು ಬಂದು ತಳ್ಳಿದರು, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಹತ್ತಿತು. ದೊಡ್ಡಮ್ಮ ತಾಲ್ಲೂಕು ಆಸ್ಪತ್ರೆ ಸೇರಿದರು, ಉಳಿದರು. ಮರುದಿನ ತಮ್ಮಲ್ಲಿಗೆ ಬಂದು, ‘ತಳ್ಳಿದರೆ ತಕ್ಷಣ ಹತ್ತುತ್ತೆ ಸ್ವಾಮಿ, ಅಂದರೆ ಪೆಟ್ರೋಲು, ಕಿಡಿ ಎಲ್ಲ ಸರಿಯಾಗಿದೆ ಅಲ್ಲವೇ?’ ಎಂದು ವಿನಂತಿಸಿಕೊಂಡೆ. ತಾವು ಕೀ ತಿರುಗಿಸಿದಿರಿ. ಕಾರು ಮೊದಲ ಏಟಿಗೇ ಹತ್ತಿತು. ‘ಚೆನ್ನಾಗೇ ತಗತಾ ಅದಲ್ಲಣ್ಣ’ ಎಂದು ಬಾನೆಟ್ ಮುಚ್ಚಿ ಬೀಳ್ಕೊಟ್ಟಿರಿ.

ಆಗಾಗ ಬಂದು ಹೋಗುವ ದೋಷ ಗ್ಯಾರೇಜಿನ ಬಾಗಿಲಲ್ಲಿ ಅಡಗಿಕೊಳ್ಳುವುದು ತಮಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಅದು ಬಂದಾಗಿನ ಲಕ್ಷಣವನ್ನು ಕೇಳಬೇಕು. ಟಕಟಕ ಎಂದು ಬಡಿದುಕೊಂಡರೆ ಸೆಲ್ಫಿಗೆ ವೋಲ್ಟೇಜ್ ಸಾಲುತ್ತಿಲ್ಲ. ಸದ್ದೇ ಬಾರದಿದ್ದರೆ ಸ್ವಿಚ್ಚು, ರಿಲೇ, ಕ್ಲಚ್ ಸ್ವಿಚ್ಚಿನ ಕಡೆ ನೋಡಬೇಕು. ಎಂಜಿನ್ ಗಿರಗಿರ ತಿರುಗಿಯೂ ಹತ್ತದಿದ್ದರೆ ಸೆಲ್ಫಿನ ತಪ್ಪೇ ಅಲ್ಲ, ಪೆಟ್ರೋಲ್ ಪಂಪೋ ಬಿಸಿಯಾದಾಗ ಕೈಕೊಡುವ ಕ್ರ್ಯಾಂಕ್ ಸೆನ್ಸರೋ ಇರಬಹುದು. ನನ್ನ ಕಾರಿನ ಒಂಟಿ ಟಕ್, ಮಂಕಾಗದ ಲೈಟು ಎರಡೂ ಸೇರಿ ಮೋಟಾರಿನ ಒಳಗೆ ಅಥವಾ ಅದಕ್ಕೆ ಹೋಗಿಬರುವ ದಪ್ಪ ಕೇಬಲ್‌ಗಳತ್ತ ಬೆರಳು ಮಾಡುತ್ತಿದ್ದವು. ಮೋಟಾರು ಬದಲಾದ ಮೇಲೆ ಉಳಿದದ್ದು ಕೇಬಲ್ ಒಂದೇ.

ಕೊನೆಗೆ ಪೇಟೆಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಸ್ಪ್ಯಾನರ್ ಮುಟ್ಟುವ ಮುಂಚೆ ನನ್ನನ್ನು ಕೂರಿಸಿ ಎಲ್ಲ ಕೇಳಿದರು. ಮೀಟರಿನ ಕಪ್ಪು ವೈರನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕೆಂಪನ್ನು ಎಂಜಿನ್ನಿನ ಬರಿಮೈಗೆ ಹಿಡಿದು ‘ಹೊಡೀರಿ’ ಎಂದರು. ಎಂಜಿನ್ ಮುಲುಗುತ್ತ ತಿರುಗಿತು. ಅಲ್ಲಿ 0.2 ವೋಲ್ಟ್ ದಾಟಬಾರದು, 3 ತೋರಿಸಿತು. ಆ ನೆಗೆಟಿವ್ ಕಂಬದಿಂದ ಎಂಜಿನ್ನಿಗೆ ಬರುವ ಅರ್ತ್ ಕೇಬಲನ್ನು ಕೈಯಲ್ಲಿ ಅಲುಗಿಸಿ ಇನ್ನೊಮ್ಮೆ ಹೊಡೆಸಿದರೆ ಟಕ್! ಸಿಕ್ಕಿಬಿತ್ತು. ಕೇಬಲ್ ಎಂಜಿನ್ನಿಗೆ ಸೇರುವ ಬೋಲ್ಟ್ ಬಿಚ್ಚಿದರು. ವಾಷರ್ ಅಡಿಯಲ್ಲಿ ಹಸಿರುಗಟ್ಟಿದ ಕಿಲುಬು, ಬೋಲ್ಟಿನ ಸುತ್ತ ಎಣ್ಣೆಜಿಡ್ಡಿನ ಕರಿ ಪದರ. ಉಪ್ಪುಕಾಗದದಲ್ಲಿ ತಿಕ್ಕಿ, ಲೋಹ ಹೊಳೆಯುವಂತೆ ಮಾಡಿ, ಬಿಗಿದರು. ಮೀಟರ್ 0.1ಕ್ಕೆ ಇಳಿಯಿತು.

ಲೆಕ್ಕ ಸರಳವಾಗಿದೆ. ಸೆಲ್ಫ್ ಎಳೆಯುವುದು 150 ಆಂಪಿಯರ್ ಆಸುಪಾಸು. ಕಿಲುಬು ಹಿಡಿದ ಜಾಗದ ತಡೆ ಬರೀ 0.02 ಓಮ್ ಆದರೂ 3 ವೋಲ್ಟ್ ಅಲ್ಲೇ ಕರಗುತ್ತದೆ. ರಬ್ಬರ್ ಮೌಂಟಿಂಗ್ ಮೇಲೆ ಎಂಜಿನ್ ಅಲುಗಾಡುವುದರಿಂದ ಆ ಸಂಪರ್ಕ ಒಮ್ಮೆ ಕೂಡುತ್ತದೆ, ಒಮ್ಮೆ ಬಿಡುತ್ತದೆ. ತಾವು ಏನೇ ಬದಲಿಸುವಾಗಲೂ ಬ್ಯಾಟರಿ ಟರ್ಮಿನಲ್ ಬಿಚ್ಚಿದಿರಿ, ಆಗೆಲ್ಲ ಆ ಕೇಬಲ್ ಕೊಂಚ ತಿರುಗಿ, ಕಿಲುಬು ಗೀರಿ, ಕೆಲವು ದಿನ ಕರೆಂಟು ಹರಿಯಿತು. ಆ ಯಶಸ್ಸು ಹೊಸ ಬಿಡಿಭಾಗದ್ದೆಂದು ತಾವೂ ನಂಬಿದಿರಿ. ಈ ದೋಷದಲ್ಲಿ ನನಗೆ ಭಯ ಹುಟ್ಟಿಸುವುದು ಇದೇ. ತಪ್ಪು ಔಷಧಿಗೂ ಅದು ಗುಣ ತೋರಿಸುತ್ತದೆ.

ತೋಟದ ಬೋರ್‌ವೆಲ್ ನಿಂತರೆ ನಮ್ಮೂರಲ್ಲಿ ಯಾರೂ ಮೊದಲು ಮೋಟಾರ್ ಎತ್ತುವುದಿಲ್ಲ. ಮೂರು ಫೇಸೂ ಬರುತ್ತಿದೆಯಾ, ಫ್ಯೂಸ್ ಇದೆಯಾ, ಸ್ಟಾರ್ಟರ್ ಸರಿಯಿದೆಯಾ ಎಂದು ನೋಡಿಯೇ ಪೈಪಿಗೆ ಕೈ ಹಾಕುತ್ತಾರೆ. ನಮ್ಮ ಕಾರಿಗೂ ಅಷ್ಟು ಕರುಣೆ ತೋರಬೇಕೆಂದು ಸವಿನಯ ಪ್ರಾರ್ಥನೆ.

ತಮ್ಮ ಕಷ್ಟವೂ ನನಗೆ ತಿಳಿದಿದೆ. ಬಿಡಿಭಾಗಕ್ಕೆ ಸಾವಿರಗಟ್ಟಲೆ ಕೊಡುವ ನಮ್ಮ ಜನ, ಅರ್ಧ ದಿನ ಕೂತು ದೋಷ ಹುಡುಕಿದವನಿಗೆ ‘ಏನೂ ಹಾಕಲೇ ಇಲ್ಲವಲ್ಲ’ ಎಂದು ಚಹಾ ಕುಡಿಸಿ ಕಳಿಸುತ್ತಾರೆ. ಅದು ಅನ್ಯಾಯ. ಆದ್ದರಿಂದ ‘ಪರೀಕ್ಷೆಯ ಕೂಲಿ’ ಎಂದು ಗೋಡೆಗೆ ಬೋರ್ಡು ಬರೆಸಿ, ಮೊದಲೇ ಕೇಳಿ ಪಡೆಯಿರಿ. ನಾನು ಮರುಮಾತಿಲ್ಲದೆ ಕೊಡುತ್ತೇನೆ, ಇತರರಿಗೂ ಕೊಡಲು ಹೇಳುತ್ತೇನೆ.

ಇನ್ನೊಂದು ಕೋರಿಕೆ. ನನ್ನ ಕಾರಿನಿಂದ ಇಳಿಸಿದ ಹಳೆಯ ಸೆಲ್ಫ್ ಮೋಟಾರ್ ತಮ್ಮ ಗ್ಯಾರೇಜಿನ ಮೂಲೆಯಲ್ಲಿ ಗುಜರಿಯ ಜೊತೆ ಬಿದ್ದಿದೆ. ಅದು ಕೆಟ್ಟಿರಲಿಲ್ಲ. ದಯಮಾಡಿ ಅದನ್ನು ತೂಕಕ್ಕೆ ಹಾಕಬೇಡಿ. ಮುಂದಿನ ವಾರ ಬಂದು ಒಯ್ಯುತ್ತೇನೆ.

ಇಂತಿ ತಮ್ಮ ವಿಧೇಯ,
ಶೀಳನೆರೆಯ ಗಿರಾಕಿ