ಕುತುಜೋವನ ನಿದ್ದೆಯೂ ಕನ್ನಡ ಕೂಟದ ಸಭೆಯೂ

ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ ಓದಿ ಎಂದರೆ ಹೊರನಾಡ ಕನ್ನಡಿಗರು ಪುರುಸೊತ್ತೆಲ್ಲಿ ಎನ್ನುತ್ತಾರೆ. ವಿಮೆಯವರಿಗೆ ಫೋನ್ ಹಚ್ಚಿ ಸಂಗೀತ ಕೇಳುತ್ತ ಕೂರುವ ಹೊತ್ತು, ಮಗಳ ಈಜು ಕ್ಲಾಸ್ ಮುಗಿಯುವ ತನಕ ಕಾರಿನಲ್ಲಿ ಕಾಯುವ ಹೊತ್ತು, ಎಂಟರಿಂದ ಹನ್ನೆರಡರೊಳಗೆ ಬರುತ್ತೇನೆಂದ ಪ್ಲಂಬರನ ದಾರಿ ನೋಡುವ ಹೊತ್ತು ಕೂಡಿಸಿದರೆ ಸಾವಿರಕ್ಕೂ ಮಿಕ್ಕ ಪುಟಗಳು ಮುಗಿದಾವು. ನನ್ನ ವಾದ ಬೇರೆಯದು. ಈ ಕಾದಂಬರಿ ರಗಳೆಗಳ ನಡುವೆಯೇ ಹೆಚ್ಚು ರುಚಿಸುತ್ತದೆ, ಏಕೆಂದರೆ ಅದರೊಳಗಿನ ಯುದ್ಧವೂ ಬಹುಪಾಲು ರಗಳೆಯೇ. 1805ರ ಆಸ್ಟರ್‌ಲಿಟ್ಸ್ ಕದನದ ಹಿಂದಿನ ರಾತ್ರಿ ವೈರೋಟರ್ ಎಂಬ ಆಸ್ಟ್ರಿಯದ ಜನರಲ್ ಯಾವ ತುಕಡಿ ಯಾವ ಹಳ್ಳಿ ದಾಟಬೇಕೆಂದು ಓದುತ್ತಲೇ ಇರುತ್ತಾನೆ. ಸೇನಾಪತಿ ಕುತುಜೋವ್ ಕುರ್ಚಿಯಲ್ಲೇ ನಿದ್ದೆಹೋಗುತ್ತಾನೆ. ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆಬಾತೋ ಪುಳಿಯೋಗರೆಯೋ ಎಂದು ಕನ್ನಡ ಕೂಟದ ಸಮಿತಿಯಲ್ಲಿ ರಾತ್ರಿ ಹನ್ನೊಂದರವರೆಗೆ ಕೂತವರಿಗೆ ಇಲ್ಲಿ ಅಡಿಟಿಪ್ಪಣಿ ಬೇಡ. ಬೊರೊಡಿನೊ ಕದನದಲ್ಲಿ ನೆಪೋಲಿಯನ್ನನ ಸರದಿ: ಅವನ ಅಪ್ಪಣೆ ಮುಟ್ಟುವಷ್ಟರಲ್ಲಿ ರಣರಂಗದ ಸ್ಥಿತಿಯೇ ಬದಲಾಗಿರುತ್ತಿತ್ತು ಎನ್ನುತ್ತಾನೆ ಟಾಲ್‌ಸ್ಟಾಯ್. ಕೆಳಗಿನಿಂದ ‘ಊಟಕ್ಕೆ ಬನ್ರೋ’ ಎಂದು ನಾಲ್ಕು ಸಲ ಕೂಗಿದ ಅಮ್ಮಂದಿರಿಗೆ ಚಕ್ರವರ್ತಿಯ ಮೇಲೆ ಕನಿಕರ ಹುಟ್ಟುವುದು ಇಲ್ಲೇ.

ಯುದ್ಧದ ಎದುರು ನಮ್ಮ ತಾಪತ್ರಯ ಯಾವ ಲೆಕ್ಕ, ಆ ಸಮಾಧಾನಕ್ಕೇ ಓದುತ್ತೇವೆ ಎನ್ನುವವರುಂಟು. ನನಗೆ ಒಪ್ಪಿಗೆಯಿಲ್ಲ. ಕಾದಂಬರಿಯ ಹದಿಹರೆಯದ ಹುಡುಗ ಪೇತ್ಯ ರೊಸ್ತೋವ್ ಗುಂಡೇಟಿಗೆ ಸತ್ತನೆಂದು ಕೆಟ್ಟ ಡಿಶ್‌ವಾಷರ್ ರಿಪೇರಿಯಾಗುವುದಿಲ್ಲ. ಇನ್ನೊಬ್ಬರ ಮಗನ ಸಾವನ್ನು ನಮ್ಮ ನೆಮ್ಮದಿಗೆ ಬಳಸುವುದು ಸಭ್ಯತೆಯೂ ಅಲ್ಲ. ಹಾಗಾದರೆ ಸಾವಿನ ಕಥೆಯಲ್ಲಿ ನಗೆ ಹುಡುಕುವುದು ಸಭ್ಯತೆಯೇ ಎಂದು ಕೇಳಬಹುದು. ಎರಡನ್ನೂ ಒಂದೇ ಗಾಡಿಗೆ ಹೇರಿದವನು ಲೇಖಕನೇ. 1812ರಲ್ಲಿ ನೆಪೋಲಿಯನ್ ಬರುತ್ತಿದ್ದಾನೆಂದು ಮಾಸ್ಕೋ ಬಿಡುವಾಗ ರೊಸ್ತೋವ್ ಮನೆಯಲ್ಲಿ ರತ್ನಗಂಬಳಿ, ಪಿಂಗಾಣಿ ಪೆಟ್ಟಿಗೆಗೆ ಹಿಡಿಸುವುದಿಲ್ಲ. ಮನೆಮಗಳು ನತಾಶಾ ಎಲ್ಲ ಹೊರತೆಗೆದು ಮತ್ತೆ ಒತ್ತಿ ತುಂಬುತ್ತಾಳೆ. ಬೆಂಗಳೂರಿನಿಂದ ಹೊರಡುವ ರಾತ್ರಿ 23 ಕಿಲೋ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆದವರು ಆಕೆಯ ನೆಂಟರು. ನಕ್ಕು ಮುಗಿಯುವ ಮೊದಲೇ ಅದೇ ಸಾಮಾನು ಕೆಳಗಿಳಿದು, ಗಾಡಿಗಳಲ್ಲಿ ಗಾಯಾಳು ಸೈನಿಕರು ಮಲಗುತ್ತಾರೆ. ಆ ಪೆಟ್ಟಿಗೆಯ ಪರದಾಟ ಓದದಿದ್ದರೆ ಬಿಟ್ಟುಕೊಟ್ಟದ್ದು ಎಷ್ಟೆಂದು ತಿಳಿಯುತ್ತಲೇ ಇರಲಿಲ್ಲ.

ಎರಡನೆಯ ಉಪಸಂಹಾರದ ಇತಿಹಾಸತತ್ತ್ವವನ್ನು ಹಾರಿಸಿದರೆ ಯಾರೂ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಓದಲು ಬೇಸರವೆಂದರೆ ದೇಜಗೌ ಅವರದೂ ಓ.ಎಲ್. ನಾಗಭೂಷಣಸ್ವಾಮಿಯವರದೂ ಕನ್ನಡ ಅನುವಾದಗಳಿವೆ. ಮುಂದಿನ ಸಲ ಅತ್ತೆ ಮಾವ ಬರುವಾಗ ತರಲು ಹೇಳಬಹುದು. ತೂಕ ಸರಿಹೋಗಲು ಚಟ್ನಿಪುಡಿಯ ಡಬ್ಬಿ ಕೆಳಗಿಳಿಯಬೇಕಾದೀತು, ಅದಕ್ಕೆ ಮನೆಯಲ್ಲಿ ಒಪ್ಪಿಗೆ ಪಡೆಯುವುದು ಓದುಗರ ಜವಾಬ್ದಾರಿ.